ಅಪ್ಪ ತೀರಿಕೊಂಡ ವರ್ಷ ಕ್ರಿಸ್ಮಸ್ ಮಾಡಬಹುದಾ?

ಮಲ್ಪೆ_ಮಗಳು

ಅಪ್ಪ ಸೆಪ್ಟೆಂಬರಿನಲ್ಲಿ ಹೋದರು. ನಮ್ಮದು ಬಾಸೆಲ್ ಮಿಷನ್ ಮೂಲದ ಸಿಎಸ್‌ಐ ಸಭೆಯ ಪ್ರೊಟೆಸ್ಟಂಟ್ ಕ್ರೈಸ್ತ ಕುಟುಂಬ. ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ಈಗ ದೊಡ್ಡಪ್ಪ "ಈ ವರ್ಷ ಹಬ್ಬ ಇಲ್ಲ" ಅಂತ ಹೇಳಿಬಿಟ್ಟಿದ್ದಾರೆ. ನಕ್ಷತ್ರ ಕಟ್ಟುವ ಹಾಗಿಲ್ಲ, ಒಲೆ ಮೇಲೆ ಎಣ್ಣೆ ಬಾಣಲೆ ಇಡುವ ಹಾಗಿಲ್ಲ, ಹೊಸ ಬಟ್ಟೆ ಇಲ್ಲ, ಮನೆಮನೆಗೆ ಹಾಡುತ್ತ ಬರುವ ಕ್ಯಾರಲ್ ತಂಡದವರು ನಮ್ಮ ಗೇಟು ಬಿಟ್ಟು ಮುಂದಿನ ಮನೆಗೆ ಹೋಗಬೇಕು. ಸಭಾಪಾಲಕರನ್ನು ಕೇಳಿದೆ. "ಸತ್ಯವೇದದಲ್ಲಿ ಹಾಗೇನೂ ಇಲ್ಲಮ್ಮ, ನಿಮಗೆ ಸಮಾಧಾನ ಆದ ಹಾಗೆ ಮಾಡಿ" ಅಂದರು. ಯಾವುದರಿಂದ ಸಮಾಧಾನ ಅಂತ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲ.

ಅಮ್ಮ ಏನೂ ಹೇಳುವುದಿಲ್ಲ. ಮೊನ್ನೆ ಮಾತ್ರ ಗುಲಾಬಿ ಹೂವಿನ ಆಕಾರದ ತಿಂಡಿ ಕರಿಯುವ ಅಚ್ಚನ್ನು ಅಟ್ಟದಿಂದ ಇಳಿಸಿ, ಎಣ್ಣೆ ಸವರಿ, ಮತ್ತೆ ಪೇಪರಿನಲ್ಲಿ ಸುತ್ತಿ ಇಟ್ಟರು. ನಾನು ನೋಡಿಯೂ ಕೇಳಲಿಲ್ಲ. ಮಗಳು ಎರಡನೇ ಕ್ಲಾಸು, ಸಂಡೇ ಸ್ಕೂಲ್ ನಾಟಕದಲ್ಲಿ ಕುರಿಯ ಪಾತ್ರ ಸಿಕ್ಕಿದೆ. ಅವಳನ್ನು ಅದಕ್ಕಾದರೂ ಕಳಿಸಬಹುದೋ ಇಲ್ಲವೋ ಅದೂ ಗೊತ್ತಾಗುತ್ತಿಲ್ಲ. ನಿಮ್ಮ ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ?

ವಚನ_ಓದುಗ

ಇದರಲ್ಲಿ ಯೋಚಿಸುವುದೇನಿದೆ? ಸೂತಕ, ವರ್ಷಾಂತಿಕ ಇವೆಲ್ಲ ಹಿಂದೂ ಪದ್ಧತಿ. ಪುನರುತ್ಥಾನವನ್ನು ನಂಬುವವರಿಗೆ ಯಾಕೆ? ನಿಮ್ಮ ತಂದೆ ಕರ್ತನ ಬಳಿ ಇದ್ದಾರೆ, ಸಂತೋಷದಿಂದ ಹಬ್ಬ ಮಾಡಿ. ದೊಡ್ಡಪ್ಪನಿಗೂ ಇದನ್ನೇ ಹೇಳಿ.

ಹಳೇಬಂದರು

ಒಂದೇ ಏಟಿಗೆ "ಹಿಂದೂ ಪದ್ಧತಿ" ಅಂತ ತಳ್ಳಿಹಾಕಿದ್ದು ನನಗೆ ಹಿಡಿಸಲಿಲ್ಲ. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಮರದ ಹುಚ್ಚು ಹಿಡಿಸಿದವರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಮುಖ್ಯ. ಆತ ತೀರಿಕೊಂಡದ್ದು 1861ರ ಡಿಸೆಂಬರ್ 14ಕ್ಕೆ, ಹಬ್ಬ ಇನ್ನೇನು ಬಂತು ಅನ್ನುವಾಗ. ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಟ್ಟೆ ಬಿಡಲಿಲ್ಲ. ಅವಳೇನು ಗರುಡ ಪುರಾಣ ಕೇಳಿಸಿಕೊಂಡಿದ್ದಳೇ? ಸತ್ತವರಿಗಾಗಿ ವರ್ಷ ಹಿಡಿಯುವುದು ಯಾವ ಒಂದು ಧರ್ಮದ ಸ್ವತ್ತೂ ಅಲ್ಲ.

ನಾನು ಮಂಗಳೂರಿನ ಕ್ಯಾಥೊಲಿಕ್, ಮನೆಮಾತು ಕೊಂಕಣಿ. ನಮ್ಮ ಕಡೆಯೂ ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡುವುದಿಲ್ಲ, ನೆರೆಕರೆಯವರೇ ತಂದುಕೊಡುತ್ತಾರೆ. ನನ್ನ ಗಂಡ ತೀರಿಹೋದ ವರ್ಷ ಹಾಗೇ ಆಯಿತು. ಅದಕ್ಕೆ ಮೊದಲು ಡಿಸೆಂಬರ್ ಬಂತೆಂದರೆ ನಾವಿಬ್ಬರೂ ರಾತ್ರಿ ಊಟ ಆದ ಮೇಲೆ ಕೂತು ಕಿಡಿಯೊ ಸುತ್ತುತ್ತಿದ್ದೆವು. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಲ್ಲಿ ಸುರುಳಿ ಸುತ್ತಿ ಬಿಡಿಸಿದರೆ ಮೈಮೇಲೆ ಗೀರು ಮೂಡುತ್ತದೆ. ಅವರು ಸುತ್ತಿದ್ದು ಯಾವಾಗಲೂ ದಪ್ಪ, ಒಳಗೆ ಬೇಯುತ್ತಿರಲಿಲ್ಲ. ಮಕ್ಕಳು ಕಚ್ಚಿ ನೋಡಿ "ಇದು ಪಪ್ಪನದ್ದು" ಅಂತ ಪಕ್ಕಕ್ಕೆ ಇಡುತ್ತಿದ್ದರು. ಆ ವರ್ಷ ಮೇಜಿನ ತುಂಬ ತಟ್ಟೆಗಳು ಬಂದವು. ನೆವ್ರಿ, ಕೊಕ್ಕಿಸಾಂ, ಎಳ್ಳುಂಡೆ, ಪೇರಳೆಯ ಪೆರಾದ್ ಕೂಡ. ಒಂದು ತಟ್ಟೆಯಲ್ಲೂ ಬೇಯದ ಕಿಡಿಯೊ ಇರಲಿಲ್ಲ.

ಪದ್ಧತಿಯನ್ನು ಬಯ್ಯುತ್ತಿಲ್ಲ. ಅದರ ಒಳಗೆ ದಯೆ ಇದೆ. ಸತ್ತ ಮನೆಯವರು ಒಲೆ ಮುಂದೆ ಬೇಯುವುದು ಬೇಡ, ಆದರೆ ಅವರ ಮೇಜು ಬರಿದಾಗಲೂ ಬಾರದು ಅಂತ ಯಾರೋ ಯೋಚಿಸಿ ಮಾಡಿದ್ದು. ನನಗೆ ಮಾತ್ರ ಆಗ ಬೇಕಾಗಿದ್ದದ್ದೇ ಕೈತುಂಬ ಕೆಲಸ.

ಇನ್ನು ಕ್ರಿಸ್ಮಸ್ ಅಂದರೆ ಬರೀ ಸಂತೋಷ ಅಂತ ತೀರ್ಮಾನ ಮಾಡಿದವರು ಬೇಕರಿಯವರು ಮತ್ತು ಡಿಜೆಯವರು. ನಮ್ಮ ಚರ್ಚಿನ ಕ್ಯಾಲೆಂಡರ್ ತೆಗೆದು ನೋಡಿ. ಕ್ರಿಸ್ಮಸ್ಸಿಗೆ ಮೊದಲಿನ ಆಗಮನ ಕಾಲದಲ್ಲಿ ಗುರುಗಳು ಉಡುವುದು ನೇರಳೆ, ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಬಣ್ಣವೇ. ನಡುವೆ ಮೂರನೇ ಭಾನುವಾರ ಮಾತ್ರ ಗುಲಾಬಿ. 25 ಕಳೆದು ಮರುದಿನವೇ ಸಂತ ಸ್ತೇಫನನ ಹಬ್ಬ, ಕಲ್ಲು ಹೊಡೆದು ಕೊಂದ ಮೊದಲ ರಕ್ತಸಾಕ್ಷಿ. 28ಕ್ಕೆ ಹೆರೋದ ರಾಜ ಕೊಲ್ಲಿಸಿದ ಬೆತ್ಲೆಹೇಮಿನ ಹಸುಗೂಸುಗಳ ಸ್ಮರಣೆ. ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿ ಮಗು ಯೇಸುವನ್ನು ನೋಡಲು ಜೋಯಿಸರು ಬಂದು ಹೋದ ಬೆನ್ನಿಗೇ ರಾಹೇಲಳು ಮಕ್ಕಳಿಗಾಗಿ ಅಳುತ್ತಾಳೆ, ಯಾರ ಸಮಾಧಾನವೂ ಬೇಡ ಅನ್ನುತ್ತಾಳೆ. ಆ ಜೋಯಿಸರು ತಂದದ್ದರಲ್ಲಿ ರಕ್ತಬೋಳ ಎಂಬ ಸುಗಂಧದ ಅಂಟು ಇತ್ತಲ್ಲ, ನಿಕೊದೇಮ ಎಂಬಾತ ಯೇಸುವಿನ ಹೆಣಕ್ಕೆ ತಂದದ್ದೂ ಅದನ್ನೇ, ಅಗರಿನ ಜೊತೆ ಬೆರೆಸಿ. ಕ್ರಿಸ್ಮಸ್ ಗೋದಲಿಯ ಬೊಂಬೆಗಳ ನಡುವೆ ನಾವದನ್ನು ಚಿನ್ನದ ಬಣ್ಣ ಬಳಿದ ಪುಟ್ಟ ಡಬ್ಬಿಯಾಗಿ ಇಟ್ಟು ಸುಮ್ಮನಾಗುತ್ತೇವೆ.

ಹಾಗಾಗಿ ದುಃಖ ಇಟ್ಟುಕೊಂಡೇ ಈ ಹಬ್ಬಕ್ಕೆ ಹೋಗಬಹುದು. ನಾನು ಹೋದೆ. ಹೋಗುವುದೇ ಬೇಡ ಅಂತ ಕೂತಿದ್ದವಳನ್ನು ಮಗ ಎಬ್ಬಿಸಿಕೊಂಡು ಹೋದ. ರಾತ್ರಿಯ ಬಲಿಪೂಜೆಯಲ್ಲಿ ಗ್ಲೋರಿಯಾ ಸ್ತುತಿಗೀತೆ ಎತ್ತಿದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸುತ್ತಾರೆ. ನನಗೆ ಬಾಯಿ ಬರಲಿಲ್ಲ. ಪಕ್ಕದ ಬೆಂಚಿನವರು ಹಾಡಿದರು, ಎಂದಿನ ಹಾಗೆ ಶ್ರುತಿ ತಪ್ಪಿ. ನನ್ನ ಪಾಲಿನದ್ದನ್ನೂ ಅವರೇ ಹಾಡಿದರು ಅಂದುಕೊಂಡೆ.

ನಿಮ್ಮ ಅಮ್ಮ ಅಚ್ಚಿಗೆ ಎಣ್ಣೆ ಸವರಿದ್ದಾರೆ. ಮೊದಲು ಅವರ ಹತ್ತಿರ ಕೂತು ಕೇಳಿ. ಕುರಿಯನ್ನು ಮಾತ್ರ ನಾಟಕಕ್ಕೆ ಕಳಿಸಿ, ಅದರಲ್ಲಿ ಎರಡು ಮಾತಿಲ್ಲ.

ತೋಟದ_ಮನೆ_ಸಕಲೇಶಪುರ

ಹಳೇಬಂದರು ಅವರು ಬರೆದದ್ದು ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆ. ನಮ್ಮ ಮಗ ತೀರಿಹೋದ ವರ್ಷ ನಾವು ಯಾರಿಗೂ ಏನೂ ಹೇಳಿರಲಿಲ್ಲ, ಬೇಡ ಅಂತಲೂ ಇಲ್ಲ, ಬನ್ನಿ ಅಂತಲೂ ಇಲ್ಲ. ಒಂದು ರಾತ್ರಿ ಹತ್ತು ಗಂಟೆ ಮೇಲೆ ಕ್ಯಾರಲ್ ತಂಡ ಬಂತು. ಡೋಲಕ್, ಗಿಟಾರ್, ಮುಖವಾಡದ ಸಾಂತಾ. ಎಲ್ಲ ಒಳ್ಳೆ ಹುಡುಗರೇ. ಸಾಂತಾ ಆಗಿದ್ದವನು ಹೊಸಬ, ಚಾಕಲೇಟು ಹಿಡಿದುಕೊಂಡು "ಮಕ್ಕಳು ಎಲ್ಲಿ?" ಅಂದ. ಹೆಂಡತಿ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ನಿಂತು ಮೂರು ಹಾಡು ಪೂರ್ತಿ ಕೇಳಿ, ಕಾಣಿಕೆ ಹಾಕಿ ಕಳಿಸಿದೆ.

ನಿಮ್ಮ ದೊಡ್ಡಪ್ಪನಂಥವರು ಒಬ್ಬರು ನಮ್ಮ ಮನೆಯಲ್ಲಿ ಇದ್ದು "ಈ ವರ್ಷ ಇಲ್ಲ" ಅಂತ ಊರಿಗೆಲ್ಲ ಹೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ನಾವು ಯಾರಿಗೂ ವಿವರಣೆ ಕೊಡಬೇಕಾಗಿರಲಿಲ್ಲ. ಆಮೇಲಿನ ವರ್ಷ ಏನು ಮಾಡಿದಿರಿ ಅಂತ ಕೇಳಬೇಡಿ, ಆಗಲೂ ಮಾಡಲಿಲ್ಲ. ಚರ್ಚಿಗೆ ಹೋಗಿ ಕರ್ತನ ಭೋಜನ ತಗೊಂಡು ಮನೆಗೆ ಬಂದು ಅನ್ನ ಸಾರು ಉಂಡೆವು. ಅದೂ ಕ್ರಿಸ್ಮಸ್ಸೇ ಅಂತ ನನ್ನ ಲೆಕ್ಕ.

ಟೊರಾಂಟೊ_ಕನ್ನಡಿಗ

ಇಲ್ಲಿ ಕೆಲವು ಚರ್ಚುಗಳಲ್ಲಿ ಡಿಸೆಂಬರ್ 21ರ ಸುಮಾರಿಗೆ, ವರ್ಷದ ಅತಿ ಉದ್ದದ ರಾತ್ರಿ ಬರುವ ಹೊತ್ತಿಗೆ, ಬ್ಲೂ ಕ್ರಿಸ್ಮಸ್ ಅಂತ ಒಂದು ಆರಾಧನೆ ಇಡುತ್ತಾರೆ. ಆ ವರ್ಷ ಯಾರನ್ನಾದರೂ ಕಳಕೊಂಡವರು ಬಂದು ಒಂದು ಮೇಣದಬತ್ತಿ ಹಚ್ಚಿ ಕೂರುತ್ತಾರೆ. ಹಾಡು ಕಡಿಮೆ, ಯಾರೂ ಕೈಕುಲುಕಿ ಮೆರಿ ಕ್ರಿಸ್ಮಸ್ ಹೇಳುವುದಿಲ್ಲ. ಮೊದಲು ಇದೇನು ಹೊಸ ಫ್ಯಾಷನ್ನು ಅನ್ನಿಸಿತ್ತು. ಅಮ್ಮ ಊರಲ್ಲಿ ತೀರಿಕೊಂಡು, ವೀಸಾ ತೊಂದರೆಯಿಂದ ಮಣ್ಣಿಗೆ ಹೋಗಲಾಗದೆ ಉಳಿದ ವರ್ಷ ನಾನೇ ಹೋಗಿ ಕೂತೆ. ನಿಮ್ಮ ಸಭಾಪಾಲಕರಿಗೆ ಹೇಳಿ ನೋಡಿ, ಊರಲ್ಲಿ ನೀವೊಬ್ಬರೇ ಇರಲಿಕ್ಕಿಲ್ಲ.

ಮಲ್ಪೆ_ಮಗಳು

ಎಲ್ಲರಿಗೂ ವಂದನೆ. ಸಕಲೇಶಪುರದ ಅಣ್ಣ, ನಿಮ್ಮದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ನಿನ್ನೆ ಅಮ್ಮನನ್ನು ಕೇಳಿದೆ. ದೊಡ್ಡಪ್ಪನ ಎದುರು ಹೇಳಲಾಗದೆ ಸುಮ್ಮನಿದ್ದರಂತೆ. ಕ್ಯಾರಲ್ ತಂಡ ಬೇಡ, ಅದನ್ನು ಮೊದಲೇ ತಿಳಿಸಿ ಕಾಣಿಕೆಯ ಲಕೋಟೆಯನ್ನು ದೇವಾಲಯದಲ್ಲಿ ಕೊಟ್ಟುಬಿಡು ಅಂದರು. ತಿಂಡಿ ಒಂದೇ ಒಂದು ಬಗೆ, ಅದೂ ಹಂಚಲಿಕ್ಕೆ. ಅಪ್ಪನ ಜೊತೆ ಬಂದರಿನಲ್ಲಿ ಕೆಲಸ ಮಾಡಿದವರ ಮನೆಗಳಿಗೆ ಪ್ರತಿವರ್ಷ ಅಪ್ಪನೇ ಸೈಕಲ್ಲಿನಲ್ಲಿ ಕೊಟ್ಟು ಬರುತ್ತಿದ್ದರು. ಈ ಸಲ ನಾನು ಸ್ಕೂಟರಿನಲ್ಲಿ ಹೋಗಬೇಕಂತೆ. ಯಾವ ಮನೆಗೆ ಎಷ್ಟು ಅಂತ ಅಮ್ಮ ಆಗಲೇ ಚೀಟಿ ಬರೆದಿಟ್ಟಿದ್ದಾರೆ! ನಕ್ಷತ್ರದ ಬಗ್ಗೆ ಇನ್ನೂ ಇಬ್ಬರೂ ಬಾಯಿ ಬಿಟ್ಟಿಲ್ಲ. ದೊಡ್ಡಪ್ಪನಿಗೆ ಹೇಳುವ ಕೆಲಸ ನನ್ನ ತಲೆಗೇ ಬಿದ್ದಿದೆ. ಫೋನಿನಲ್ಲಿ ಹೇಳಿ ಮುಗಿಸೋಣ ಅಂತಿದ್ದೇನೆ.

ಹಳೇಬಂದರು

ಫೋನಿನಲ್ಲಿ ಬೇಡ ಮಾರಾಯ್ತಿ, ಮನೆಗೇ ಹೋಗಿ. ಅವರು ಕಳಕೊಂಡದ್ದು ತಮ್ಮನನ್ನು. ಎಲ್ಲರೂ ನಿಮ್ಮಮ್ಮನನ್ನು, ನಿಮ್ಮನ್ನು ಮಾತಾಡಿಸಿರುತ್ತಾರೆ, ಅವರನ್ನು ಯಾರಾದರೂ ಕೇಳಿದ್ದಾರೋ ಇಲ್ಲವೋ. ಹೋದಾಗ ಹಬ್ಬದ ಮಾತು ತಕ್ಷಣ ಎತ್ತಬೇಡಿ, ಚಾ ಕುಡಿದು ಮುಗಿಯಲಿ. 25ರ ಮಧ್ಯಾಹ್ನ ನಿಮ್ಮಲ್ಲೇ ಊಟಕ್ಕೆ ಬರಲಿಕ್ಕೆ ಹೇಳಿ. ಹಬ್ಬದ ಊಟ ಅಂತ ಹೇಳುವ ಅಗತ್ಯವಿಲ್ಲ, ಬರೀ ಊಟ ಅಂದರೆ ಸಾಕು, ಬರುತ್ತಾರೆ.