ಆಯಿಯ ಕೆಳಗಿನ ಸೆಟ್ ನಿಲ್ಲುತ್ತಿಲ್ಲ: ಇಂಪ್ಲಾಂಟ್ ಮಾಡಿಸಿದವರು ಸ್ವಲ್ಪ ಹೇಳಿ

ಹೊನ್ನಾವರದಿಂದ ಪ್ರಶ್ನೆ

ಆಯಿಗೆ 71 ವರ್ಷ. ಹಲ್ಲೆಲ್ಲ ಹೋಗಿ ಸೆಟ್ ಹಾಕಿಸಿದ್ದೇವೆ. ಮೇಲಿನದು ಚೆನ್ನಾಗಿ ಕೂತಿದೆ. ಕೆಳಗಿನದು ಮಾತಾಡಿದರೂ ಎದ್ದು ಬರುತ್ತದೆ. ಅಂಟಿಸುವ ಪೇಸ್ಟ್ ಮಧ್ಯಾಹ್ನದ ಊಟದವರೆಗೂ ಬಾಳುವುದಿಲ್ಲ. ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಹಾಕುವ ಸ್ಕ್ರೂ, ಅದರ ಮೇಲೆ ಕೂರುವ ಸೆಟ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಶುಗರ್ ಇದೆ, ಮಾತ್ರೆ ತಗೋತಾರೆ. ಈ ವಯಸ್ಸಿಗೆ ಇದೆಲ್ಲ ಬೇಕಾ? ಎಲ್ಲಿ ಮಾಡಿಸಿದಿರಿ?

ಕುಮಟಾದಿಂದ

ಮಾಡಿಸಿ, ಆದರೆ ಕೆಳಗಿನದಕ್ಕೆ ಮಾತ್ರ. ಮೇಲಿನ ಸೆಟ್ ಅಂಗುಳವನ್ನೆಲ್ಲ ಹಿಡಿದುಕೊಂಡು ನಿಲ್ಲುತ್ತದೆ. ಕೆಳಗೆ ಆ ಜಾಗವೇ ಇಲ್ಲ. ನಾಲಿಗೆ ಅಲ್ಲಾಡಿದಾಗೆಲ್ಲ ಸೆಟ್ ಎತ್ತುತ್ತದೆ, ವರ್ಷ ಹೋದ ಹಾಗೆ ದವಡೆ ಮೂಳೆಯೂ ಸವೆಯುತ್ತದೆ. ಹೊಸ ಸೆಟ್ ಮಾಡಿಸಿದರೂ ಅದೇ ಕಥೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಎರಡು ಇಂಪ್ಲಾಂಟ್ ಮೇಲಿನ ಸೆಟ್ಟೇ ಮೊದಲ ಆಯ್ಕೆಯಾಗಬೇಕು ಅಂದಿದ್ದರು. ಹಾಗಾಗಿ ನಾಲ್ಕು, ಆರು ಅಂತ ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ.

ನಮ್ಮ ಅಮ್ಮನಿಗೆ ಕೋರೆಹಲ್ಲಿನ ಜಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಟೈಟಾನಿಯಂ ಸ್ಕ್ರೂ ಹಾಕಿದರು. ಮರಗಟ್ಟಿಸಿ ಮಾಡಿದ್ದು, ಹಲ್ಲು ಕೀಳಿಸಿದ್ದಕ್ಕಿಂತ ಇದೇ ಸಲೀಸು ಅಂದರು ಅವರು. ಮೂಳೆ ಸ್ಕ್ರೂವನ್ನು ಹಿಡಿದುಕೊಳ್ಳಲು ಮೂರು ತಿಂಗಳಷ್ಟು ಕಾಯಬೇಕು. ಅಷ್ಟು ದಿನ ಹಳೇ ಸೆಟ್ಟನ್ನೇ ಒಳಗೆ ಕೆರೆದು, ಮೆತ್ತನೆ ಪದರ ಹಾಕಿ ಕೊಟ್ಟಿದ್ದರು. ಗಂಜಿ, ಮೆತ್ತಗಿನ ಅನ್ನ ಅಂತ ದಿನ ಹೋಯ್ತು. ಆಮೇಲೆ ವಸಡಿನಿಂದ ಸ್ವಲ್ಪ ಮೇಲೆ ಬರುವ ಗುಬುಟು ಕೂರಿಸಿದರು. ಸೆಟ್ಟಿನ ಅಡಿಯಲ್ಲಿ ಅದಕ್ಕೆ ಸರಿಯಾದ ಚಿಕ್ಕ ಲೋಹದ ಬಟ್ಟಲು, ಅದರೊಳಗೆ ನೈಲಾನ್ ಬಿಲ್ಲೆ. ಟಿಚ್ ಬಟನ್ ಹಾಗೆ ಟಕ್ ಅಂತ ಕೂರುತ್ತದೆ.

ಇಲ್ಲೇ ಯಾರೂ ಮೊದಲು ಹೇಳದ ವಿಷಯ ಒಂದಿದೆ. ಹಾಕುವುದು ಸುಲಭ, ತೆಗೆಯುವುದು ಕಷ್ಟ. ಅಮ್ಮನ ಬೆರಳಿನ ಗಂಟುಗಳೆಲ್ಲ ಊದಿಕೊಂಡಿವೆ. ಬಚ್ಚಲಲ್ಲಿ ನಿಂತು ಸೆಟ್ಟಿನ ಅಂಚಿಗೆ ಹೆಬ್ಬೆರಳು ಕೊಟ್ಟು ಎತ್ತುತ್ತಾರೆ, ಒಂದು ಬದಿ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಡಾಕ್ಟರ್ ಹತ್ತಿರ ಹೇಳಿದ ಮೇಲೆ ಬಿಲ್ಲೆ ಬದಲಿಸಿದರು. ಅದರಲ್ಲಿ ಬಿಗಿ ಬೇರೆ ಬೇರೆ ಇರುತ್ತದೆ. ನಮ್ಮದು ಲೊಕೇಟರ್ ಅನ್ನುವ ಬಗೆ, ಅದರಲ್ಲಿ ನೀಲಿ ಸಡಿಲ, ಗುಲಾಬಿ ಮಧ್ಯಮ, ಬಣ್ಣ ಇಲ್ಲದ್ದು ಬಿಗಿ. ವಯಸ್ಸಾದವರಿಗೆ ಸಡಿಲದಿಂದಲೇ ಶುರು ಮಾಡಿಸಿ. ಈಗ ಚಕ್ಕುಲಿ ಮುರಿದು ತಿಂತಾರೆ, ಫೋನಲ್ಲಿ ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಡುವುದಿಲ್ಲ.

ಶಿರಸಿಯಿಂದ

ಶುಗರ್ ಇದೆ ಅಂದಿರಲ್ಲ, ಬರೀ ಫಾಸ್ಟಿಂಗ್ ನೋಡಿ ಹೊರಡಬೇಡಿ. ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆ ಮಾಡಿಸಿ, ಮೂರು ತಿಂಗಳ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ. ಹಿಡಿತದಲ್ಲಿದ್ದರೆ ತೊಂದರೆ ಇಲ್ಲ. ರಕ್ತ ತೆಳುವಾಗುವ ಮಾತ್ರೆ ಇದ್ದರೆ ನೀವೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಮಾತ್ರೆ, ಇಂಜೆಕ್ಷನ್ ತಗೊಂಡಿದ್ದರೆ ಅದನ್ನೂ ಮೊದಲೇ ಹೇಳಿ. ದವಡೆ ಮೂಳೆ ವಾಸಿಯಾಗುವುದಕ್ಕೆ ಕೆಲವು ಅಡ್ಡ ಬರುತ್ತವೆ.

ಮತ್ತೆ ಕವಳ, ಅಂದರೆ ಎಲೆ ಅಡಿಕೆ! ಮಲೆನಾಡಲ್ಲಿ ಇದನ್ನ ಕೇಳಲೇಬೇಕು. ನಮ್ಮ ಅಪ್ಪಯ್ಯನದು ಹೊಗೆಸೊಪ್ಪಿನ ಕವಳ. ಬಿಟ್ಟ ಹೊರತು ಸ್ಕ್ರೂ ಹಾಕುವುದಿಲ್ಲ ಅಂತ ಡಾಕ್ಟರ್ ಖಡಾಖಂಡಿತ ಹೇಳಿಬಿಟ್ಟರು. ಅಡಿಕೆ ಜಾಸ್ತಿ ಹಾಕಿದವರಿಗೆ ಕೆಲವೊಮ್ಮೆ ಬಾಯಿಯೇ ಪೂರ್ತಿ ತೆರೆಯುವುದಿಲ್ಲ, ಆಗ ಉಪಕರಣ ಒಳಗೆ ಹೋಗುವುದೇ ಕಷ್ಟ. ಅಪ್ಪಯ್ಯ ಹೊಗೆಸೊಪ್ಪು ಬಿಟ್ಟರು. ಕವಳದ ತಬಕು ಮಾತ್ರ ಇನ್ನೂ ಜಗುಲಿ ಮೇಲೇ ಇದೆ, ನಂಟರಿಗಂತೆ.

ಕಾರವಾರದಿಂದ

ನಾನು ಕೆಳಗೆ ಪೂರ್ತಿ ಫಿಕ್ಸ್ ಮಾಡಿಸಿಕೊಂಡೆ. ನಾಲ್ಕು ಇಂಪ್ಲಾಂಟ್, ಹಿಂದಿನ ಎರಡು ಓರೆಯಾಗಿ. ಖರ್ಚು ಬಹಳ ಜಾಸ್ತಿ ಮಾರಾಯ್ರೆ. ಮೀನು ತಿನ್ನುವವನಿಗೆ ಆರಾಮು, ಆದರೆ ಅಡಿಯಲ್ಲಿ ಸಿಕ್ಕಿದ್ದನ್ನು ದಿನಾ ಬಿಡಿಸಿ ತೆಗೆಯಬೇಕು. ಕಣ್ಣು, ಕೈ ಸರಿ ಇಲ್ಲದವರಿಗೆ ತೆಗೆದು ತೊಳೆಯುವ ಸೆಟ್ಟೇ ವಾಸಿ.

ಎಲ್ಲಿ ಅಂತ ಕೇಳಿದಿರಿ. ನಮಗೆ ಗೋವಾ ಹತ್ತಿರ, ನಿಮಗೆ ರೈಲಿನಲ್ಲಿ ಉಡುಪಿಗೆ ಹೋಗಿ ಮಣಿಪಾಲ, ಘಟ್ಟದ ಮೇಲಿನವರಿಗೆ ಧಾರವಾಡ. ಮೂರೂ ಕಡೆ ಡೆಂಟಲ್ ಕಾಲೇಜು ಇದೆ. ಆದರೆ ನಾನಾದರೆ ಊರಿನ ಹತ್ತಿರದವರನ್ನೇ ಮೊದಲು ನೋಡುತ್ತೇನೆ. ಬಿಲ್ಲೆ ಸವೆಯುತ್ತದೆ, ಮೂಳೆ ಇನ್ನೂ ಇಳಿದ ಹಾಗೆ ಸೆಟ್ಟಿನ ಅಡಿ ತುಂಬಿಸಬೇಕಾಗುತ್ತದೆ. ಅಷ್ಟಕ್ಕೆಲ್ಲ ಮಳೆಗಾಲದಲ್ಲಿ ಮುದುಕರನ್ನು ಕರಕೊಂಡು ಓಡಾಡುವುದು ಯಾರು?

ಅಂಕೋಲಾದಿಂದ, ಹಲ್ಲಿನ ಲ್ಯಾಬ್ ಕೆಲಸದವನು

ಎರಡೇ ಮಾತು. ಸೆಟ್ ತೆಳುವಾಗಿದ್ದರೆ ಬಟ್ಟಲು ಕೂರಿಸಿದ ಜಾಗದಲ್ಲೇ ಬಿರುಕು ಬಿಡುತ್ತದೆ. ಹಳೇ ಸೆಟ್ಟಿಗೇ ಬಟ್ಟಲು ಕೂರಿಸುತ್ತೇವೆ ಅಂದರೆ ದಪ್ಪ ಸಾಕಾ ಅಂತ ಕೇಳಿ, ಇಲ್ಲವಾದರೆ ಒಳಗೆ ಲೋಹದ ಜಾಲರಿ ಹಾಕಿಸಿ.

ಇನ್ನೊಂದು, ಇಂಪ್ಲಾಂಟ್ ಡಬ್ಬಿ ಮೇಲಿನ ಸ್ಟಿಕ್ಕರ್ ಕೇಳಿ ಇಟ್ಟುಕೊಳ್ಳಿ. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತದೆ. ಒಂದು ಕಂಪನಿಯ ಗುಬುಟು ಇನ್ನೊಂದಕ್ಕೆ ಕೂರುವುದು ಅಪರೂಪ. ಸ್ಟಿಕ್ಕರ್ ಇಲ್ಲದೆ ಬಂದ ಕೇಸಿನಲ್ಲಿ ಬರೀ ಎಕ್ಸ್‌ರೇ ನೋಡಿ ಯಾವುದು ಅಂತ ಹುಡುಕುವುದರಲ್ಲೇ ನಮ್ಮ ಅರ್ಧ ಆಯುಷ್ಯ ಹೋಗುತ್ತದೆ.