ಪದಚರ್ಚೆ: ವಾಕಿ-ಟಾಕಿಯ ‘ರೇಂಜ್’ಗೆ ವ್ಯಾಪ್ತಿ ಅನ್ನಬೇಕೋ, ಕೂಗಳತೆ ಅನ್ನಬಹುದೋ?

ಎಲ್ಲರಿಗೂ ನಮಸ್ಕಾರ.

ಪುಣೆಯಲ್ಲಿ ನಾವೊಂದಿಷ್ಟು ಕನ್ನಡದವರು ಸೇರಿ ಸಹ್ಯಾದ್ರಿಯ ಕೋಟೆಗಳನ್ನು ಹತ್ತುತ್ತಿರುತ್ತೇವೆ. ಬೆಳಗಾವಿಯವರು, ಕಲಬುರಗಿಯವರು, ನನ್ನ ಹಾಗೆ ತೀರ್ಥಹಳ್ಳಿ ಕಡೆಯವರು ಎಲ್ಲ ಇದ್ದೇವೆ. ಗುಂಪಿಗೆ ವಾಕಿ-ಟಾಕಿ ಕೊಳ್ಳೋಣ ಅಂತಾದಾಗ, ಎಂಥದ್ದು ತಗೋಬೇಕು, ಹೇಗೆ ಬಳಸಬೇಕು ಅಂತ ಕನ್ನಡದಲ್ಲಿ ನಾಲ್ಕು ಪುಟ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಓದಲು ಕೂತರೆ, ಗುಡ್ಡಗಾಡಿನಲ್ಲಿ ರೇಡಿಯೊ ಹೇಗೆ ವರ್ತಿಸುತ್ತದೆ ಅಂತ ಬಿಡಿಸಿ ಬರೆದವರಲ್ಲಿ ಅಮೆರಿಕದ ಬೇಟೆಗಾರರೇ ಹೆಚ್ಚು. ಅವರಿಗೆ ಅದು ದಿನದ ಪಾಡು: ಒಬ್ಬ ಎದುರು ಗುಡ್ಡದಲ್ಲಿ ದುರ್ಬೀನು ಹಿಡಿದು ಕೂತಿರುತ್ತಾನೆ, ಇನ್ನೊಬ್ಬ ಕೊಳ್ಳದೊಳಗೆ ನಡೆಯುತ್ತಿರುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಪ್ರಶ್ನೆಯೇ ಇಲ್ಲ. ಹಾಗಾಗಿ ಬೇಟೆ ಬಿಟ್ಟು ಮಿಕ್ಕಿದ್ದನ್ನು ತೆಗೆದುಕೊಂಡೆ.

‘ವಾಕಿ-ಟಾಕಿ’ಗೆ ಕನ್ನಡ ಹುಡುಕುವ ಉಮೇದು ನನಗಿಲ್ಲ. ಮರಾಠಿಯವರು ವೈರ್‌ಲೆಸ್ಸಿಗೆ ‘ಬಿನತಾರಿ’ ಅಂತ ಸೊಗಸಾಗಿ ಹೇಳುತ್ತಾರೆ, ನಮ್ಮಲ್ಲಿ ‘ನಿಸ್ತಂತು’ ಇದೆ. ಬೆಟ್ಟದ ಮೇಲೆ ಮಾತ್ರ ಎಲ್ಲರ ಬಾಯಲ್ಲೂ ವಾಕಿನೇ. ಒಂದು ತಮಾಷೆ ಏನೆಂದರೆ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಬೆನ್ನಿಗೆ ಹೊತ್ತ ಎಸ್‌ಸಿಆರ್-300 ಸೆಟ್ಟಿಗೆ ವಾಕಿ-ಟಾಕಿ ಅಂತ ಹೆಸರಿತ್ತು. ಕೈಯಲ್ಲಿ ಹಿಡಿಯುವ ಎಸ್‌ಸಿಆರ್-536ಕ್ಕೆ ‘ಹ್ಯಾಂಡಿ-ಟಾಕಿ’ ಅನ್ನುತ್ತಿದ್ದರು. ಹೊರೆ ಹೋಯಿತು, ಹೊರೆಯ ಹೆಸರು ಕೈಗೆ ಬಂತು.

ನನ್ನ ತಕರಾರು ‘ರೇಂಜ್’ ಬಗ್ಗೆ. ಕನ್ನಡದಲ್ಲಿ ಬರೆಯುವವರು ಕಣ್ಣುಮುಚ್ಚಿ ‘ವ್ಯಾಪ್ತಿ’ ಅನ್ನುತ್ತೇವೆ: ‘ಈ ಸೆಟ್ಟಿನ ವ್ಯಾಪ್ತಿ 10 ಕಿ.ಮೀ.’ ವ್ಯಾಪ್ತಿ ಅಂದಕೂಡಲೇ ಓದುವವರ ಮನಸ್ಸಿನಲ್ಲಿ ಒಂದು ವೃತ್ತ ಮೂಡುತ್ತದೆ. ಪೊಲೀಸ್ ಠಾಣೆಯ ವ್ಯಾಪ್ತಿ, ಪಾಲಿಕೆಯ ವ್ಯಾಪ್ತಿ ಇದ್ದ ಹಾಗೆ ಸುತ್ತಲೂ ಅಷ್ಟು ದೂರ ಇದರದೇ ಆಡಳಿತ ಅನಿಸುತ್ತದೆ. ಆ ಪದ ನಂಬಿಕೊಂಡು ಸೆಟ್ ಕೊಂಡವರು ಕೇಳುವ ಪ್ರಶ್ನೆ ‘ಎಷ್ಟು ದೂರ?’ ಅಂತ. ಬೆಟ್ಟದಲ್ಲಿ ಕೇಳಬೇಕಾದದ್ದು ‘ನಡುವೆ ಏನಿದೆ?’ ಅಂತ.

ಬಯಲಿನ ಲೆಕ್ಕ ಸರಳ. ಭೂಮಿ ಗುಂಡಗಿರುವುದರಿಂದ ಎದೆಯೆತ್ತರಕ್ಕೆ ಸೆಟ್ ಹಿಡಿದ ಇಬ್ಬರು ಸಮತಟ್ಟು ನೆಲದಲ್ಲಿ ಹೆಚ್ಚುಕಡಿಮೆ ಒಂಬತ್ತು-ಹತ್ತು ಕಿ.ಮೀ. ದೂರವಾಗುವಷ್ಟರಲ್ಲಿ ನೆಲವೇ ಅಡ್ಡ ಬರುತ್ತದೆ. ಗಿಡಮರ, ಕಟ್ಟಡ ಇದ್ದರೆ ಅದಕ್ಕೂ ಎಷ್ಟೋ ಮೊದಲೇ ಮಾತು ಕಡಿಯುತ್ತದೆ. ಡಬ್ಬಿಯ ಮೇಲೆ ಅಚ್ಚು ಹಾಕುವ 30 ಕಿ.ಮೀ., 50 ಕಿ.ಮೀ. ಎಲ್ಲ ಒಬ್ಬ ಶಿಖರದ ನೆತ್ತಿಯಲ್ಲಿ, ಇನ್ನೊಬ್ಬ ಕೆಳಗಿನ ಬಯಲಿನಲ್ಲಿ ನಿಂತು, ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲದಿದ್ದಾಗಿನ ಮಾತು. ಸುಳ್ಳಲ್ಲ, ಆದರೆ ನಾವು ಚಾರಣ ಮಾಡುವಾಗ ಹಾಗೆ ನಿಲ್ಲುವುದು ಯಾವಾಗ?

ಪುಣೆ ಹತ್ತಿರದ ರಾಜಗಡ ಕೋಟೆ ಗೊತ್ತಿದ್ದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ನಡುವೆ ಬಾಲೆಕಿಲ್ಲೆ, ಅಂದರೆ ನೆತ್ತಿಯ ಒಳಕೋಟೆ, ಎದ್ದು ನಿಂತಿದೆ, ಅದರ ಮೂರು ಕಡೆಗೆ ಪದ್ಮಾವತಿ, ಸುವೇಳಾ, ಸಂಜೀವನಿ ಅನ್ನುವ ಮಾಚಿಗಳು (ನೆತ್ತಿಗಿಂತ ಕೆಳಗಿನ, ಕೋಟೆಗೋಡೆಯ ಚಾಚುಗಳು) ಚಾಚಿಕೊಂಡಿವೆ. ನಮ್ಮವರಿಬ್ಬರು ಸುವೇಳಾ ಮಾಚಿಯಲ್ಲಿ, ಇನ್ನಿಬ್ಬರು ಸಂಜೀವನಿಯ ಕೊನೆಯಲ್ಲಿ. ನಕ್ಷೆಯಲ್ಲಿ ಗೆರೆ ಎಳೆದರೆ ದೂರ ಹೆಚ್ಚೇನಿಲ್ಲ. ಸೆಟ್ಟಿನಲ್ಲಿ ಬರೀ ಕರಕರ. ನಡುನಡುವೆ ಯಾರದೋ ಹೆಸರಿನ ಅರ್ಧ. ಇನ್ನೊಬ್ಬರು ಬಾಲೆಕಿಲ್ಲೆ ಹತ್ತಿ ನಿಂತರು ನೋಡಿ, ಅವರಿಗೆ ಎರಡೂ ಕಡೆಯ ಮಾತು ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟ. ಅದೇ ಅರ್ಧ ವ್ಯಾಟ್ ಸೆಟ್, ಅದೇ ಬ್ಯಾಟರಿ. ಅಲ್ಲಿ ಐದು ವ್ಯಾಟಿನ ಸೆಟ್ ಇದ್ದಿದ್ದರೂ ಬಂಡೆಯ ಮರೆ ಮರೆಯೇ, ಸ್ವಲ್ಪ ಅಂಚು ಸವೆಯುತ್ತಿತ್ತು ಅಷ್ಟೆ. ಶಕ್ತಿ ಹತ್ತು ಪಟ್ಟಾದರೆ ದೂರವೂ ಹತ್ತು ಪಟ್ಟಾಗುತ್ತದೆ ಅನ್ನುವ ಲೆಕ್ಕ ಬಟ್ಟಬಯಲಿನಲ್ಲೂ ನಡೆಯುವುದಿಲ್ಲ.

ಇಲ್ಲಿಗೇ ನನಗೆ ‘ಕೂಗಳತೆ’ ನೆನಪಾದದ್ದು. ಕೂಗಳತೆಯ ದೂರ ಅಂದರೆ ಕೂಗಿದರೆ ಕೇಳುವಷ್ಟು. ಇಷ್ಟೇ ಮಾರು ಅಂತ ಯಾರೂ ಅಳೆದಿಟ್ಟಿಲ್ಲ. ಗಾಳಿ ಎತ್ತ ಬೀಸುತ್ತಿದೆ, ನಡುವೆ ದಿಬ್ಬ ಇದೆಯೋ ಹಳ್ಳ ಇದೆಯೋ ಅನ್ನುವುದರ ಮೇಲೆ ಹೆಚ್ಚುತ್ತದೆ, ಕುಗ್ಗುತ್ತದೆ ಅನ್ನುವ ಅರಿವು ಪದದೊಳಗೇ ಇದೆ. ನಮ್ಮ ಮಲೆನಾಡಿನ ಹಿರಿಯರ ಬೇಟೆಯ ಮಾತಿನಲ್ಲಿ ಸೋವಿನವರು (ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವವರು) ಹಳುವಿನೊಳಗಿಂದ ಕೂ ಹಾಕುತ್ತ ಬರುತ್ತಿದ್ದರು, ಬಿಲ್ಲಿಗೆ ಕೂತವರು (ಹೊಡೆಯಲು ಕಾದು ಕೂತವರು) ಆ ಕೂವಿನ ಮೇಲೆ ಅವರು ಎಲ್ಲಿದ್ದಾರೆ ಅಂತ ಅಂದಾಜು ಮಾಡುತ್ತಿದ್ದರು. ಅಮೆರಿಕದ ಬೇಟೆಗಾರ ರೇಡಿಯೊದಲ್ಲಿ ಮಾಡುವುದು ಇದೇ ಕೆಲಸ. (ಅಲ್ಲೂ ಎಲ್ಲ ಕಡೆ ಸಲ್ಲದು. ಮೊಂಟಾನಾ, ಅಲಾಸ್ಕಾದಂಥ ರಾಜ್ಯಗಳಲ್ಲಿ ಪ್ರಾಣಿ ಎಲ್ಲಿದೆ ಅಂತ ರೇಡಿಯೊದಲ್ಲಿ ಹೇಳಿಸಿಕೊಂಡು ಬೇಟೆಯಾಡುವಂತಿಲ್ಲ. 1887ರಲ್ಲಿ ಶುರುವಾದ, ಬೇಟೆಗಾರರದೇ ಆದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಹಾಗೆ ಹೊಡೆದದ್ದನ್ನು ತನ್ನ ದಾಖಲೆಗೇ ಸೇರಿಸಿಕೊಳ್ಳುವುದಿಲ್ಲ. ಪ್ರಾಣಿಗೆ ಅನ್ಯಾಯವಾಗದಂತೆ ಬೇಟೆಯಾಡುವ ಅವರ ‘ಫೇರ್ ಚೇಸ್’ ನಿಯಮಕ್ಕೆ, ಧರ್ಮಯುದ್ಧದ ದಾರಿ ಹಿಡಿದು, ‘ಧರ್ಮಬೇಟೆ’ ಅಂತ ಬರೆದುಕೊಂಡಿದ್ದೇನೆ. ಒಪ್ಪದವರು ಬೈಯಿರಿ.)

ಕೂಗಳತೆಗೆ ನಮ್ಮ ಗುಂಪಿನಲ್ಲೇ ಬಂದ ಆಕ್ಷೇಪ: ‘ಸರ್, ಕೂಗಳತೆ ಅಂದರೆ ಹತ್ತಿರ ಅಂತ. ಮೂರು ಕಿಲೋಮೀಟರಿಗೆ ಕೂಗಳತೆ ಅಂದರೆ ಬೆಳಗಾವಿ ಮಂದಿ ನಗ್ತಾರ.’ ನಗಲಿ. ಆದರೆ ಮಾತಿನಲ್ಲಿ ತೂಕ ಇದೆ, ಅದಕ್ಕೇ ಇಲ್ಲಿ ಕೇಳುತ್ತಿರುವುದು.

ಇದಕ್ಕೆ ಜೋಡಿ ಪದ ‘ಲೈನ್ ಆಫ್ ಸೈಟ್’, ಅಂದರೆ ನಡುವೆ ಅಡ್ಡಿ ಇಲ್ಲದೆ ಒಬ್ಬರಿಂದ ಇನ್ನೊಬ್ಬರಿಗಿರುವ ನೇರ ಗೆರೆ. ‘ದೃಷ್ಟಿರೇಖೆ’ ಅಂದರೆ ಕಣ್ಣಿನ ಡಾಕ್ಟರ ಹತ್ತಿರ ಹೋದ ಹಾಗಾಗುತ್ತದೆ. ನಾನು ಅದನ್ನು ತಿರುಗಿಸಿ ‘ಮರೆ’ಯಿಂದ ಹೇಳಿದೆ: ‘ಗುಡ್ಡದ ಮರೆಗೆ ಹೋಗಬೇಡಿ’, ‘ಮರೆಯಾದರೆ ಏಣಿನ ಮೇಲೆ ಬನ್ನಿ’. ಅಲೆ ತಲುಪದ ಜಾಗಕ್ಕೂ ಮರೆ ಅನ್ನುವುದೇ ಸಾಕು. ಏಣು ಅಂದದ್ದು ಬೆಟ್ಟದ ಬೆನ್ನಿನ ಅಂಚಿಗೆ. ಇಲ್ಲಿ ಮರಾಠಿಯ ಧಾರ (ಏಣು), ಸೋಂಡ (ಬೆಟ್ಟದಿಂದ ಇಳಿಯುವ ಚಾಚು), ಖಿಂಡ (ಎರಡು ಬೆಟ್ಟಗಳ ನಡುವಿನ ತಗ್ಗು ದಾರಿ), ಘಳ (ಇಕ್ಕಟ್ಟಾದ ಕೊರಕಲು) ನಮ್ಮವರಿಗೆ ಬಾಯಿಪಾಠ. ಹೆಸರಿಟ್ಟ ಜಾಗಕ್ಕೆ ಮರಾಠಿಯೇ ಇರಲಿ, ಮಿಕ್ಕಲ್ಲಿ ಏಣು, ಕೊಳ್ಳ, ನೆತ್ತಿ ಅಂತ ಬರೆದಿದ್ದೇನೆ. ಖಿಂಡಕ್ಕೆ ಮಾತ್ರ ‘ಕಿಂಡಿ’ ಅಂದುಬಿಡಲೇ ಅಂತ ಆಸೆ. ಎರಡು ಕಣಿವೆಗಳ ನಡುವೆ ಮಾತು ತೂರುವುದು ಅಲ್ಲಿಂದಲೇ.

ಆ ಕಿಂಡಿಯಲ್ಲಿ ನಿಂತು ಈಚೆಯವರ ಮಾತನ್ನು ಆಚೆಗೆ ಹೇಳುವವರಿಗೆ ಏನನ್ನೋಣ? ನನ್ನ ಸೂಚನೆ ‘ಅಂಚೆ’. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಅದರ ಓಟದವರು ಮಾಡುತ್ತಿದ್ದದ್ದು ಇದನ್ನೇ, ಒಬ್ಬರ ಕೈಯಿಂದ ಮುಂದಿನವರ ಕೈಗೆ ದಾಟಿಸುವುದು. ‘ಖಿಂಡದಲ್ಲಿ ಒಬ್ಬರು ಅಂಚೆಗೆ ನಿಲ್ಲಿ’ ಅಂದರೆ ಕೇಳಲು ಚೆನ್ನಾಗಿದೆ. ಹೊಸಬರು ಕಾಗದ ತಂದಿದ್ದೀರಾ ಅಂತ ಕೇಳಿಯಾರು.

ಇನ್ನೊಂದು ಪದದಲ್ಲಿ ಮೋಸವೇ ಇದೆ. ಸೆಟ್ಟುಗಳಲ್ಲಿ ‘ಪ್ರೈವಸಿ ಕೋಡ್’ ಅಂತ ಬರುತ್ತದೆ. ಅದನ್ನು ‘ಗುಪ್ತ ಸಂಕೇತ’ ಅಂದರೆ ನಮ್ಮ ಮಾತು ಬೇರೆಯವರಿಗೆ ಕೇಳುವುದಿಲ್ಲ ಅಂತ ನಂಬುತ್ತಾರೆ. ನಿಜದಲ್ಲಿ ನಮ್ಮ ದನಿಯ ಜೊತೆ ಒಂದು ತಗ್ಗಿನ ಸ್ವರ ಹೋಗುತ್ತದೆ, ಸಾಮಾನ್ಯವಾಗಿ 67ರಿಂದ 254 ಹರ್ಟ್ಸ್ ಒಳಗಿನದು. ಆ ಸ್ವರ ಇರುವ ಮಾತಿಗಷ್ಟೇ ನಮ್ಮ ಸೆಟ್ ಬಾಯಿ ಬಿಡುತ್ತದೆ. ಬೇರೆಯವರದು ನಮಗೆ ಕೇಳದು. ನಮ್ಮದು, ಕೋಡ್ ಹಾಕದೆ ಅದೇ ಚಾನೆಲಿನಲ್ಲಿರುವ ಯಾರಿಗಾದರೂ ಕೇಳುತ್ತದೆ. ‘ಸೋಸುಸ್ವರ’ ಅಂತ ಕಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಸಿಕ್ಕರೆ ಸಂತೋಷದಿಂದ ಬಿಡುತ್ತೇನೆ.

ನನ್ನ ಮಾತಾಯಿತು, ಇನ್ನು ನೀವು ಹೇಳಿ ಅನ್ನಲು ಬಳಸುವ ‘ಓವರ್’ ಹಾಗೇ ಇರಲಿ. ಒಬ್ಬ ಹುಡುಗ ಕನ್ನಡಾಭಿಮಾನದಿಂದ ಪ್ರತಿ ಮಾತಿನ ಕೊನೆಗೆ ‘ಮುಗೀತು’ ಅಂದ. ಕಡಿದಾದ ಇಳಿಜಾರಿನಲ್ಲಿ ಇರುವವರ ಬಾಯಿಂದ ಬರುವ ‘ಮುಗೀತು’ ಕೇಳಿ ನೋಡಿ, ಎದೆ ಝಲ್ ಅನ್ನುತ್ತದೆ.

ಕೊಳ್ಳುವವರಿಗೆ ಒಂದು ಮಾತು, ಇದರಲ್ಲೂ ಪದದ ಗೊಂದಲ ಇದೆ. ಪತ್ರಿಕೆಗಳು ಸ್ಪೆಕ್ಟ್ರಮ್ಮಿಗೆ ‘ತರಂಗಾಂತರ’ ಅನ್ನುತ್ತವೆ, ಅದು ಅಲೆಯ ಉದ್ದಕ್ಕೆ ಹೇಳುವ ಮಾತು. ಹಾಗಾಗಿ ನಾನು ‘ಕಂಪನಾಂಕ’ ಹಿಡಿದಿದ್ದೇನೆ. ಪರವಾನಗಿ ಬೇಡದ ಸಣ್ಣ ಸೆಟ್ಟುಗಳಿಗೆ ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಕಂಪನಾಂಕ ಇದೆ, ಅಲೆಯ ಉದ್ದ ಸುಮಾರು 67 ಸೆಂ.ಮೀ. ಸೆಟ್ಟಿಗೆ ಸರಕಾರದ ಮಾದರಿ ಅನುಮೋದನೆ ಇರಲೇಬೇಕು. ಅಮೆರಿಕದವರು ಬರೆದದ್ದು ನೋಡಿ ಅವರ 462 ಮೆಗಾಹರ್ಟ್ಸ್ ಸೆಟ್ ಇಲ್ಲಿಗೆ ತರಿಸಬೇಡಿ. ಅಗ್ಗಕ್ಕೆ ಸಿಗುವ ಐದು ವ್ಯಾಟಿನವೂ ಪರವಾನಗಿ ಇಲ್ಲದವರಿಗೆ ಅಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇವುಗಳ ಆನ್‌ಲೈನ್ ಮಾರಾಟದ ಮೇಲೆ ಮಾರ್ಗಸೂಚಿಯನ್ನೇ ತಂದಿದೆ. ಮಳೆಗೆ ಸೆಟ್ಟಿನ ಮೇಲೆ ಐಪಿ67 ಅನ್ನುವ ಗುರುತು ನೋಡಿಕೊಳ್ಳಿ: ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ನೀರು ಒಳಹೋಗದು ಅಂತ ಅದರ ಅರ್ಥ. ಒದ್ದೆ ಕೈಗೆ ಸಿಗುವಷ್ಟು ದೊಡ್ಡ ಗುಂಡಿ ಇರಬೇಕು. ಆಂಟೆನಾ ನೆಟ್ಟಗೆ, ಮೈಯಿಂದ ದೂರ ಹಿಡಿಯಬೇಕು. ಚೀಲದ ಜೇಬಿನೊಳಗಿಂದ ಮಾತಾಡಿದರೆ ನಮ್ಮ ಮೈಯೇ ಮೊದಲ ಮರೆ.

ಈಗ ಕೇಳುವುದು ಇಷ್ಟು. ದೂರದ ಮಾತಿಗೆ ಕೂಗಳತೆ ಹಿಗ್ಗೀತೇ, ಇಲ್ಲ ‘ಮಾತಳತೆ’ ಅಂತ ಹೊಸದು ಕಟ್ಟಬೇಕೇ? ಅಂಚೆ, ಕಿಂಡಿ ನಡೆದಾವೇ? ಕೊಡಗು, ಶಿರಸಿ, ಖಾನಾಪುರ ಕಡೆಯವರು ಇದ್ದರೆ ನಿಮ್ಮ ಹಿರಿಯರನ್ನು ಒಮ್ಮೆ ಕೇಳಿ: ಒಬ್ಬರ ಕೂ ಇನ್ನೊಬ್ಬರಿಗೆ ಮುಟ್ಟದಿದ್ದಾಗ ನಡುವೆ ನಿಂತು ತಿರುಗಿ ಕೂ ಹಾಕುತ್ತಿದ್ದವರಿಗೆ ನಿಮ್ಮ ಕಡೆ ಏನನ್ನುತ್ತಿದ್ದರು?