ಕೊರೆಗಿಡಾರ್ ದ್ವೀಪಕೋಟೆಗೆ ಹೋಗಿ ಬಂದವರು ದಯವಿಟ್ಟು ಅನುಭವ ತಿಳಿಸಿ

ಪ್ರಶ್ನೆ

ನನ್ನ ಮಗಳು ಫಿಲಿಪೈನ್ಸ್‌ನ ಮನಿಲಾದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ನೋಡಲು ಫೆಬ್ರವರಿಯಲ್ಲಿ ಹೋಗುವಾಗ ತಂದೆಯವರನ್ನೂ ಕರೆದೊಯ್ಯುತ್ತಿದ್ದೇನೆ. ಸೇನೆಯ ಫಿರಂಗಿ ದಳದಿಂದ ನಿವೃತ್ತರಾದ ಅವರಿಗೆ ಈಗ 71 ವರ್ಷ. ಮಂಡಿನೋವು ಎಷ್ಟೇ ಇದ್ದರೂ ಕೊರೆಗಿಡಾರ್‌ನ ತೋಪುಗಳನ್ನು ನೋಡದೆ ಊರಿಗೆ ಮರಳುವುದಿಲ್ಲವೆಂದು ಪಟ್ಟು ಹಿಡಿದಿದ್ದಾರೆ. ಒಂದು ದಿನ ಸಾಕೇ, ನಡಿಗೆ ಎಷ್ಟಿದೆ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ, ಸಮಯ ಸಾಲದಿದ್ದರೆ ಯಾವುದನ್ನು ಬಿಡಬಹುದು ಎಂಬುದನ್ನು ಹೋಗಿ ಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಾನು ಎರಡು ಬಾರಿ ಹೋಗಿದ್ದೇನೆ. ಎರಡು ಸಲವೂ ಬೆಳಿಗ್ಗೆ ಹೋಗಿ ಸಂಜೆ ಮರಳಿದ್ದರಿಂದ ಹೇಳುವುದೇನೆಂದರೆ, ಒಂದು ದಿನ ಸಾಕು, ಆದರೆ ಒಂದನ್ನೂ ಬಿಡಬಾರದೆಂದು ಹೊರಟರೆ ಯಾವುದನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಮನಿಲಾ ನಗರದಿಂದ ಸುಮಾರು 48 ಕಿ.ಮೀ. ದೂರದಲ್ಲಿ, ಮನಿಲಾ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕುಳಿತಿರುವ ಈ ದ್ವೀಪ ನಕಾಶೆಯಲ್ಲಿ ಥೇಟ್ ಗೊದಮೊಟ್ಟೆಯಂತೆ ಕಾಣುತ್ತದೆ: ಪಶ್ಚಿಮಕ್ಕೆ ದಪ್ಪ ತಲೆ, ಪೂರ್ವಕ್ಕೆ ಡೊಂಕು ಬಾಲ. ಹಡಗು ನಿಲ್ಲುವುದು ಇವೆರಡರ ನಡುವಿನ ತಗ್ಗಿನಲ್ಲಿ, ಅದಕ್ಕೆ ಬಾಟಮ್‌ಸೈಡ್ ಎನ್ನುತ್ತಾರೆ. ತೋಪುಗಳಲ್ಲಿ ಹೆಚ್ಚಿನವು ತಲೆಯ ಭಾಗದ ಎತ್ತರದಲ್ಲಿ, ಅಂದರೆ ಟಾಪ್‌ಸೈಡ್‌ನಲ್ಲಿ ಇವೆ. ನಾನು ಹೋದಾಗ ಹಳೆಯ ಟ್ರಾಮಿನ ರೂಪದ, ಪಕ್ಕಗಳು ತೆರೆದ ಬಸ್ಸಿನಲ್ಲಿ ಸುತ್ತಿಸಿದರು. ಏರನ್ನು ಬಸ್ಸೇ ಹತ್ತುತ್ತದೆ, ನಿಜ. ಆದರೆ ಪ್ರತಿ ನಿಲುಗಡೆಯಲ್ಲೂ ಹತ್ತಿ ಇಳಿಯುವುದೇ ಮಂಡಿಗೆ ಶ್ರಮ, ಆದ್ದರಿಂದ ತಂದೆಯವರಿಗೆ ಅಂಚಿನ ಆಸನವನ್ನೇ ಹಿಡಿಯಿರಿ.

ಅವರ ಮೊದಲ ನಿಲುಗಡೆ ಬ್ಯಾಟರಿ ವೇ ಎಂಬ ಫಿರಂಗಿ ನೆಲೆ ಆಗಿರಲಿ. ಅಲ್ಲಿ 12 ಅಂಗುಲ ಬಾಯಿಯ ನಾಲ್ಕು ಮಾರ್ಟರ್‌ಗಳಿವೆ, ಅಂದರೆ ಗುಂಡನ್ನು ಎತ್ತರಕ್ಕೆ ಹಾರಿಸುವ ಗಿಡ್ಡ ತೋಪುಗಳು. ಸಮುದ್ರದಿಂದ ಬರುವ ಹಡಗುಗಳನ್ನು ತಡೆಯಲೆಂದು ಅಮೆರಿಕನ್ನರು ಕಟ್ಟಿದ ಕೋಟೆ ಇದು. ಆದರೆ ಎರಡನೆಯ ಮಹಾಯುದ್ಧದಲ್ಲಿ ಶತ್ರು ಬಂದದ್ದು ಆಕಾಶದಿಂದ ಮತ್ತು ಉತ್ತರದ ಬಟಾನ್ ಪರ್ಯಾಯದ್ವೀಪದಿಂದ. 1942ರ ಏಪ್ರಿಲ್ 9ರಂದು ಬಟಾನ್ ಬಿದ್ದ ಮೇಲೆ ಜಪಾನೀಯರು ಆ ದಡದಿಂದಲೇ ಗುಂಡಿನ ಮಳೆ ಸುರಿಸಿದರು. ಕಡಲಿಗೆ ಮುಖ ಮಾಡಿದ್ದ ಅನೇಕ ತೋಪುಗಳು ಆಗ ಉಪಯೋಗಕ್ಕೆ ಬರಲಿಲ್ಲ. ಆದರೆ ಸುತ್ತಲೂ ತಿರುಗಬಲ್ಲ ಈ ಮಾರ್ಟರ್‌ಗಳು ಉತ್ತರ ಕೊಡಬಲ್ಲವಾಗಿದ್ದವು, ಅವುಗಳಲ್ಲಿ ಒಂದು ಮೇ 6ರವರೆಗೂ, ಅಂದರೆ ಶರಣಾದ ದಿನದವರೆಗೂ ಗುಂಡು ಹಾರಿಸುತ್ತಲೇ ಇತ್ತು. ನಳಿಗೆಯ ಮೇಲೆ ಕೈಯಾಡಿಸಿ ನೋಡಿ: ಸಿಡಿದ ಚೂರುಗಳು ಉಕ್ಕಿನಲ್ಲಿ ತೋಡಿದ ಗುಳಿಗಳು ಬೆರಳಿಗೆ ತಗಲುತ್ತವೆ, ಒಂದೆರಡರಲ್ಲಿ ಹೆಬ್ಬೆರಳೇ ಕೂರುತ್ತದೆ. ನಾನು ಹತ್ತು ನಿಮಿಷ ಅಲ್ಲಿಯೇ ನಿಂತುಬಿಟ್ಟೆ, ಮಾರ್ಗದರ್ಶಿ ಗಂಟೆ ಬಾರಿಸಿ ಕರೆಯಬೇಕಾಯಿತು.

ಅಲ್ಲಿಂದ ಬ್ಯಾಟರಿ ಗಿಯರಿ ನೋಡಿದರೆ ಚಿತ್ರ ಪೂರ್ಣವಾಗುತ್ತದೆ. ಮೇ 2ರಂದು ಒಂದು ಗುಂಡು ಅಲ್ಲಿನ ಮದ್ದುಗುಂಡಿನ ಕೋಣೆಗೆ ನುಗ್ಗಿ ಇಡೀ ನೆಲೆ ಸಿಡಿಯಿತು. ಹತ್ತು ಟನ್ನಿಗೂ ಹೆಚ್ಚು ಭಾರದ ನಳಿಗೆಯೊಂದು ಗಾಲ್ಫ್ ಮೈದಾನದವರೆಗೆ ಹಾರಿತು. ಮೈಲಿ ಉದ್ದದ ಬ್ಯಾರಕ್ ಎಂದು ಕರೆಯುವ ಪಾಳು ಕಟ್ಟಡವನ್ನು ಬಸ್ಸಿನಿಂದಲೇ ನೋಡಬಹುದು. ಹೆಸರಿಗೆ ಮೈಲಿ, ಅಳತೆಗೆ ಸುಮಾರು 460 ಮೀಟರ್.

ಉತ್ತರ 2

ನಾನು ಊಟ ಮತ್ತು ಸಮುದ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿನ ಅಡುಗೆಯಲ್ಲಿ ಮೀನಿನ ರಸ ಮತ್ತು ಸಿಗಡಿಯ ಗೊಜ್ಜು ನಾವು ಊಹಿಸದ ಪಲ್ಯಗಳಲ್ಲೂ ಸೇರಿಕೊಂಡಿರುತ್ತವೆ. ಬಡಿಸುವವರು ‘ತರಕಾರಿ’ ಎಂದರೆ ಅದು ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಮಗಳ ಕೋಣೆಯಲ್ಲಿ ಅನ್ನ ಮಾಡಿ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿಕೊಳ್ಳಿ, ನಾವು ಹಾಗೆಯೇ ಮಾಡಿದೆವು. ಫೆಬ್ರವರಿ ಒಣ ಹವೆಯ ಕಾಲವಾದ್ದರಿಂದ ಒಳ್ಳೆಯ ಆಯ್ಕೆ. ಜೂನ್ ನಂತರ ಮುಂಗಾರಿನ ಗಾಳಿಗೆ ಸಮುದ್ರ ಕೆರಳುತ್ತದೆ. ಒಮ್ಮೆ ನಾವು ಬಂದರಿನಿಂದಲೇ ಹಿಂದಿರುಗಿದ್ದೆವು, ಹಣ ಮರಳಿ ಪಡೆಯಲು ಟಿಕೆಟ್ ಮಾರಿದವರ ಹಿಂದೆ ಮೂರು ವಾರ ಅಲೆದಿದ್ದೆವು. ಮನಿಲಾದಿಂದ ಹೊರಡುವ ಹಡಗುಗಳ ವ್ಯವಸ್ಥೆ ಬದಲಾಗುತ್ತಿರುತ್ತದೆ, ಹಿಂದಿನ ದಿನ ವಿಚಾರಿಸಿಯೇ ಹೊರಡಿ. ಬಟಾನ್‌ನ ಮಾರಿವೆಲೆಸ್‌ನಿಂದ ಸಮುದ್ರದ ದಾರಿ ಬಹಳ ಹತ್ತಿರ, ಆದರೆ ಸಣ್ಣ ದೋಣಿಯ ಪ್ರಯಾಣ ಹಿರಿಯರಿಗೆ ಒಗ್ಗಲಾರದು.

ಉತ್ತರ 3

ಮಲಿಂಟಾ ಸುರಂಗವನ್ನು ಮಾತ್ರ ಬಿಡಬೇಡಿ, ನೆಲ ಸಮತಟ್ಟಾಗಿರುವುದರಿಂದ ತಂದೆಯವರಿಗೂ ತೊಂದರೆಯಿಲ್ಲ. ಮುಖ್ಯ ಸುರಂಗದ ಉದ್ದ ಸುಮಾರು 253 ಮೀಟರ್, ಇಕ್ಕೆಲಗಳಲ್ಲೂ ಕವಲುಗಳು. ಸೇನಾ ಕಚೇರಿಯೂ ಆಸ್ಪತ್ರೆಯೂ ಈ ಬೆಟ್ಟದೊಳಗೇ ಇದ್ದವು. 1941ರ ಡಿಸೆಂಬರ್ 30ರಂದು ಫಿಲಿಪೈನ್ಸ್ ಅಧ್ಯಕ್ಷ ಮ್ಯಾನುಯೆಲ್ ಕ್ವೆಜಾನ್ ಎರಡನೆಯ ಅವಧಿಗೆ ಪ್ರಮಾಣ ಸ್ವೀಕರಿಸಿದ್ದು ಇದರ ಬಾಗಿಲ ಬಳಿಯೇ. ಬಂದರಿನ ಬಳಿ ಅಮೆರಿಕದ ದಂಡನಾಯಕ ಮ್ಯಾಕ್‌ಆರ್ಥರ್ ಪ್ರತಿಮೆಯ ಮುಂದೆ ಎಲ್ಲರೂ ಚಿತ್ರ ತೆಗೆಸಿಕೊಳ್ಳುತ್ತಾರೆ. ಅವರು 1942ರ ಮಾರ್ಚ್ 11ರಂದು ದ್ವೀಪ ಬಿಟ್ಟು ಹೋದರು, ‘ಮರಳಿ ಬರುತ್ತೇನೆ’ ಎಂಬ ಮಾತನ್ನು ಆಡಿದ್ದು ಆಸ್ಟ್ರೇಲಿಯಾ ತಲುಪಿದ ಮೇಲೆ. ಉಳಿದು ಹೋರಾಡಿ ಶರಣಾಗಿ ಸೆರೆವಾಸ ಅನುಭವಿಸಿದವರು ಅವರ ನಂತರದ ದಂಡನಾಯಕ ವೇನ್‌ರೈಟ್. ಅವರಿಗೆ ಅಷ್ಟು ದೊಡ್ಡ ಜನಸಂದಣಿ ಇಲ್ಲದಿರುವುದು ನನಗೆ ಸರಿಯೆನಿಸಲಿಲ್ಲ.

ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಜಪಾನಿನವರು. 1945ರ ಫೆಬ್ರವರಿ 16ರಂದು ದ್ವೀಪವನ್ನು ಮರಳಿ ಗೆಲ್ಲಲು ಅಮೆರಿಕದ ಪ್ಯಾರಾಶೂಟ್ ಪಡೆ ಟಾಪ್‌ಸೈಡ್‌ನ ಕವಾಯತು ಮೈದಾನದಲ್ಲಿ ಇಳಿದ ಕಥೆಯನ್ನು ಮಾರ್ಗದರ್ಶಿ ಉತ್ಸಾಹದಿಂದ ಹೇಳುತ್ತಿದ್ದಾಗ ಅವರು ಮೌನವಾಗಿದ್ದರು. ಸಾವಿರಾರು ಜಪಾನೀ ಸೈನಿಕರಲ್ಲಿ ಬದುಕಿ ಸೆರೆ ಸಿಕ್ಕವರು ತೀರಾ ಕಡಿಮೆ. ಜಪಾನೀ ಸ್ಮಾರಕ ಉದ್ಯಾನದ ಬಳಿ ಬಸ್ಸು ನಿಂತಾಗ ಅವರು ಕೆಳಗಿಳಿದು ಟೋಪಿ ತೆಗೆದು ನಿಂತರು. ಬಸ್ಸಿನಲ್ಲಿದ್ದ ವಯಸ್ಸಾದ ಫಿಲಿಪಿನೋ ಮಹಿಳೆಯೊಬ್ಬರು ತಮ್ಮ ನೀರಿನ ಬಾಟಲಿಯನ್ನು ಅವರ ಕೈಗೆ ಕೊಟ್ಟರು. ಸಮಯ ಸಾಲದಿದ್ದರೆ ಬಾಲದ ಭಾಗವನ್ನು ಬಿಡಿ ಎನ್ನುವವರಿದ್ದಾರೆ. ಈ ಉದ್ಯಾನ ಇರುವುದು ಅಲ್ಲಿಯೇ, ಬಿಡುವುದಾದರೆ ದೀಪಸ್ತಂಭದ ಮೆಟ್ಟಿಲುಗಳನ್ನು ಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ತಂದೆಯವರಿಗೆ ಓದಿ ಹೇಳಿದೆ. ಗಿಯರಿಯ ನಳಿಗೆ ಹಾರಿದ ಭಾಗವನ್ನು ಎರಡು ಬಾರಿ ಓದಿಸಿಕೊಂಡರು. ಮಲಿಂಟಾ ಎಂದರೆ ಜಿಗಣೆಗಳಿರುವ ಜಾಗವೆಂದು ಮಗಳು ಹೇಳುತ್ತಿದ್ದಾಳೆ, ಈಗಲೂ ಇವೆಯೇ?

ಉತ್ತರ 1

ಹೆಸರಿನ ಅರ್ಥ ಅದೇ. ಫೆಬ್ರವರಿಯ ಬಿಸಿಲಿನಲ್ಲಿ ನನಗೆ ಒಂದೂ ಅಂಟಲಿಲ್ಲ. ಟೋಪಿ ಮರೆಯಬೇಡಿ, ಟಾಪ್‌ಸೈಡ್‌ನ ಮೈದಾನದಲ್ಲಿ ನೆರಳು ಕಡಿಮೆ.